ರಾಯರು ಹೊಡೆದುಹಾಕಿದ ಸೀನು

ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ. ಹೋದ ತಿಂಗಳು ಹೊಲಿಗೆ ಮೆಷಿನ್ನಿನ ಸರಳೊಂದು ತುಂಡಾಗಿ ಯಶವಂತಪುರದ ಒಂದು ಸಣ್ಣ ಲೇತ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹೊಸ ಸರಳನ್ನು ಲೇತಿಗೆ ಕಚ್ಚಿಸಿ ತಿರುಗಿಸಿದ. ಕಾದ ಕಬ್ಬಿಣದ ಮೇಲೆ ಆ ಬಿಳಿ ಎಣ್ಣೆನೀರು ಸುರಿಯಿತು, ಹೊಗೆ ಎದ್ದಿತು, ನನಗೆ ಎಪ್ಪತ್ತಾರನೇ ಇಸವಿ ಮೈಮೇಲೆ ಬಂದಂತಾಯಿತು. "ಯಾಕಮ್ಮಾ, ಮುಖ ಒಂಥರಾ ಆಯ್ತಲ್ಲ, ಕೂತ್ಕೊಳ್ಳಿ" ಅಂದ. ಕೂತೆ. ಕೂತು, ಮನಸ್ಸಿನಲ್ಲೇ, ಒಂದೊಂದಾಗಿ ಹಳೆಯ ಬೈಗುಳಗಳನ್ನೆಲ್ಲ ತೆಗೆದೆ. ಯಾವುದಕ್ಕೂ ತುಕ್ಕು ಹಿಡಿದಿರಲಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಅವ್ವ ಹುಬ್ಬಳ್ಳಿ ಕಡೆಯ ನಾಟಕ ಕಂಪನಿಯ ಕಲಾವಿದೆ. ಕಂಪನಿ ಯಶವಂತಪುರದಲ್ಲಿ ಕ್ಯಾಂಪ್ ಹಾಕಿದ್ದಾಗಲೇ ಬಾಗಿಲು ಮುಚ್ಚಿತು, ಮಾಲೀಕ ಪರದೆಗಳನ್ನೂ ಮಾರಿ ಊರು ಬಿಟ್ಟ, ನಾವಿಬ್ಬರೂ ಮಾರ್ಕೆಟ್ಟಿನ ಹಿಂದೆ ಒಂದು ಕೋಣೆ ಹಿಡಿದು ಉಳಿದೆವು. ಫ್ಯಾಕ್ಟರಿಗಳ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದರು, ಹಳ್ಳಿಯವರು ಜಾತ್ರೆ ಹಬ್ಬಕ್ಕೆ ಆಡುತ್ತಿದ್ದರು. ಅವರ ಮನೆಯ ಹೆಣ್ಣುಮಕ್ಕಳು ಸ್ಟೇಜು ಹತ್ತುವ ಹಾಗಿರಲಿಲ್ಲ. ಅದಕ್ಕೆ ನಾನು. "ಲೇಡಿ ಆರ್ಟಿಸ್ಟ್" ಎಂದು ಕರಪತ್ರದಲ್ಲಿ ಕೊನೆಯ ಸಾಲಿನಲ್ಲಿ ನನ್ನ ಹೆಸರು. ಹೆಬ್ಬಾಳ, ಯಲಹಂಕ, ಹೆಸರಘಟ್ಟ ಎಲ್ಲ ಕಡೆ ಆಡಿದ್ದೆ. ಆಡಿದ್ದು ಅಂದರೆ ಏನು? ಹೀರೋ ಎದುರು ನಾಚಿಕೊಳ್ಳುವುದು, ಎರಡು ಹಾಡಿಗೆ ಸುತ್ತುವುದು, ಕೊನೆಗೆ ಅಳುವುದು. ಮಾತು ಅಂತ ನನಗೆ ಯಾರೂ ಕೊಟ್ಟಿರಲಿಲ್ಲ.

ಕೊಟ್ಟವನು ಆಂಜಿನಪ್ಪ. ಕೆಂಪಾಪುರದ ಒಕ್ಕಲು ಮನೆತನದವನು, ಅಂಥ ಒಂದು ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್. ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು, ಸೈಕಲ್ ತುಳಿದುಕೊಂಡು ಹೆಬ್ಬಾಳದ ಮೇಲೆ ಕೆಲಸಕ್ಕೆ ಬರುತ್ತಿದ್ದ. ಹತ್ತಿರ ಬಂದರೆ ಅಂಗಿಯಿಂದ ಆ ಎಣ್ಣೆ ವಾಸನೆ ಗಪ್ಪನೆ ಹೊಡೆಯುತ್ತಿತ್ತು. ಆ ವರ್ಷ ಸಂಘಕ್ಕೆ ಅವನೇ ನಾಟಕ ಬರೆದ. ಗಣೇಶನ ಹಬ್ಬ ಮುಗಿದ ವಾರ ಫ್ಯಾಕ್ಟರಿ ಕ್ವಾರ್ಟರ್ಸಿನ ಸೈಕಲ್ ಶೆಡ್ಡಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಓದಿದ. ಅದರಲ್ಲಿ ಒಬ್ಬ ತಾಯಿ. ಅವಳ ಮಗನನ್ನು ಯಾರೋ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದಾರೆ. ಅವಳು ದಿನಾ ಊಟದ ಕ್ಯಾರಿಯರ್ ಹಿಡಿದು ಒಂದು ಆಫೀಸಿನ ಗುಮಾಸ್ತನ ಮುಂದೆ ಬಂದು ನಿಲ್ಲುತ್ತಾಳೆ. ಅವನು "ನಾಳೆ ಬಾ" ಅನ್ನುತ್ತಾನೆ. ಆಗ ಅವಳು ಮಾತಾಡಲು ಶುರು ಮಾಡಿದರೆ ನಾಲ್ಕು ಪುಟ ನಿಲ್ಲಿಸುವುದಿಲ್ಲ.

"ಸ್ವಾಮಿ, ನನ್ ಮಗ ಒಳಗವ್ನೋ ಹೊರಗವ್ನೋ ಅಷ್ಟು ಹೇಳಿ. ಒಳಗಿದ್ರೆ ಊಟ ತರ್ತೀನಿ, ಹೊರಗಿದ್ರೆ ಹುಡುಕ್ತೀನಿ. ಎರಡೂ ಇಲ್ಲ ಅಂದ್ರೆ ನಾನು ಯಾವ ಕಡೆ ಮುಖ ಮಾಡಿ ಅಳ್ಬೇಕು?" ಅದು ಶುರು. ಆಂಜಿನಪ್ಪ ಓದಿ ಮುಗಿಸಿದಾಗ ಶೆಡ್ಡಿನ ತಗಡಿನ ಮೇಲೆ ಸೋನೆ ಮಳೆ ಬೀಳುತ್ತಿತ್ತು, ಒಬ್ಬಿಬ್ಬರು ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಇಣುಕಿದರು. ಅದು ತುರ್ತು ಪರಿಸ್ಥಿತಿಯ ಕಾಲ. ಜನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗಲೂ ಹಿಂದೆ ಯಾರು ಕೂತಿದ್ದಾರೆಂದು ನೋಡಿಕೊಂಡು ಮಾತಾಡುತ್ತಿದ್ದರು. ಈ ಮನುಷ್ಯ ಹೀಗೆ ಬರೆದಿದ್ದಾನಲ್ಲಪ್ಪ ಎಂದು ನನಗೆ ಅವನ ಕಾಲಿಗೆ ಬೀಳಬೇಕು ಅನ್ನಿಸಿತು. ಈ ತಾಯಿ ನನ್ನವಳು, ಇವಳನ್ನು ಬೇರೆ ಯಾರಿಗೂ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಆಗ ಓದು ಬರುತ್ತಿರಲಿಲ್ಲ. ಮೂರು ತಿಂಗಳಿಗೊಂದು ಊರು, ಯಾವ ಶಾಲೆಗೆ ಹೋಗಲಿ? ಕಂಪನಿಯಲ್ಲಿ ನಾವೆಲ್ಲ ಕಿವಿಯಲ್ಲೇ ಪಾಠ ಮಾಡಿದವರು. ಯಾರಾದರೂ ಓದಬೇಕು, ನಾನು ಕೇಳಿ ಹಿಂದಿನಿಂದ ಹೇಳಬೇಕು, ಮೂರು ಸಲಕ್ಕೆ ಬಾಯಿಗೆ ಬಂದುಬಿಡುತ್ತಿತ್ತು. ನಾಟಕದ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವ ಅಭ್ಯಾಸವೇ ನನಗಿರಲಿಲ್ಲ. ಆಂಜಿನಪ್ಪ ಓದುತ್ತಿದ್ದ, ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಶೆಡ್ಡಿಗೆ ಗೋಡೆ ಇಲ್ಲ. ಸಂಜೆಯಾದರೆ ಕ್ವಾರ್ಟರ್ಸಿನ ಹೆಂಗಸರು ಅಕ್ಕಿ ಮೊರ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಕಲ್ಲು ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಟರ್ನರ್ ಒಬ್ಬನ ಹೆಂಡತಿ ಲಕ್ಷ್ಮಮ್ಮನಂತೂ ಆ ನಾಲ್ಕು ಪುಟವನ್ನು ನನಗಿಂತ ಮುಂಚೆ ಕಲಿತಳು. ನಾನು ಎಲ್ಲಾದರೂ ತಡವರಿಸಿದರೆ "ಅಯ್ಯೋ, ಕ್ಯಾರಿಯರ್ ಬಿಸಿ ಆರೋಗ್ತದೆ ಸ್ವಾಮಿ ಅನ್ಬೇಕು ಕಣೇ" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ನಾಟಕ ಆಡುವ ಮೊದಲೇ ಅದು ಅಷ್ಟೂ ಹೆಂಗಸರ ಬಾಯಲ್ಲಿತ್ತು.

ಅಕ್ಟೋಬರ್ ನಡುವೆ ಕಲ್ಲು ಬಿತ್ತು. ಆಗ ನಾಟಕ ಆಡಬೇಕಾದರೆ ಪುಸ್ತಕದ ಎರಡು ಪ್ರತಿ ಬರೆದು ಮೊದಲು ಫ್ಯಾಕ್ಟರಿಯ ವೆಲ್‌ಫೇರ್ ಆಫೀಸರಿಗೆ ಕೊಡಬೇಕು. ಅವರು ಓದಿ ಪೊಲೀಸ್ ಕಚೇರಿಗೆ ಕಳಿಸಬೇಕು. ಪುಟಪುಟಕ್ಕೂ ಗುಂಡು ಮುದ್ರೆ ಬಿದ್ದು ಒಂದು ಪ್ರತಿ ವಾಪಸ್ ಬಂದರೆ ಮಾತ್ರ ಪರದೆ ಏಳುತ್ತದೆ. ವೆಲ್‌ಫೇರ್ ಆಫೀಸರು ಶೇಷಗಿರಿರಾಯರು ಎಂದು. ತೆಳ್ಳಗೆ, ಎತ್ತರಕ್ಕೆ, ಎರಡು ಸಲ ಗಂಟಲು ಸರಿಮಾಡಿಕೊಳ್ಳದೆ ಒಂದು ಮಾತೂ ಆಡದ ಮನುಷ್ಯ. ಅವತ್ತು ಸಂಜೆ ಆಂಜಿನಪ್ಪ ಮುದ್ರೆ ಬಿದ್ದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದವನು ಮೇಲೆ ನೋಡಲೇ ಇಲ್ಲ.

"ಸರೋಜಮ್ಮ, ರಾಯ್ರು ನಿನ್ ಸೀನು ಒಡ್ದಾಕವ್ರೆ."

"ಎಷ್ಟು?"

"ಪೂರ್ತಿ. ನಾಳೆ ಬಾ ಅಂತಾನಲ್ಲ ಗುಮಾಸ್ತ, ಆಗ್ಲಿ ಸ್ವಾಮಿ ಅಂದ್ಬುಟ್ಟು ನೀನು ಒಂಟೋಗ್ಬೇಕು. ಅಷ್ಟೇ ಮಡಗವ್ರೆ."

ನಾಲ್ಕು ಪುಟಕ್ಕೆ ಮೂರು ಮಾತು. "ಊಟ ತಂದಿದ್ದೀನಿ ಸ್ವಾಮಿ." "ಮಗ ಎಲ್ಲಿ ಸ್ವಾಮಿ?" "ಆಗ್ಲಿ ಸ್ವಾಮಿ." ರಾಯರ ರೂಮಿಗೆ ಈಗಲೇ ಹೋಗುತ್ತೇನೆ, ಯಾವ ಕೈಯಲ್ಲಿ ಹೊಡೆದುಹಾಕಿದಿರಿ ತೋರಿಸಿ ಎಂದು ಕೇಳುತ್ತೇನೆ ಎಂದು ಎದ್ದೆ. ಆಂಜಿನಪ್ಪ ಅಡ್ಡ ನಿಂತು ಕೈ ಮುಗಿದ. "ಬ್ಯಾಡ ಕಣವ್ವ. ನಿನ್ ದಮ್ಮಯ್ಯ. ನನ್ ಕೆಲ್ಸ ಓಗ್ತದೆ. ಎರಡು ಮಕ್ಳವೆ." ಅವನ ಕಣ್ಣಲ್ಲಿ ನೀರಿತ್ತು. ಬರೆದವನ ನೋವು ನನ್ನ ನೋವಿಗಿಂತ ದೊಡ್ಡದು ಎಂದುಕೊಂಡು ಸುಮ್ಮನಾದೆ. ಎಂಥ ಪೆದ್ದಿ ನಾನು!

ಮನೆಗೆ ಬಂದು ಪಾತ್ರೆ ಪಗಡ ಎಲ್ಲ ಕುಕ್ಕಿದೆ. ಅವ್ವ ರೊಟ್ಟಿ ಬಡಿಯುತ್ತಾ ಕೂತಿದ್ದಳು. "ಸಿಟ್ಟ ಬಂದದಂತ ಸಾಹೇಬ್ರ ಖೋಲಿಗೆ ಹೋಗಿ ಬಾಯಿ ಮಾಡಬ್ಯಾಡವಾ," ಅಂದಳು. "ನಾವು ಆಟದ ಮಂದಿ. ಸ್ಟೇಜಿನ ಮ್ಯಾಲಿನ ಜಗಳಾ ಸ್ಟೇಜಿನ ಮ್ಯಾಲೇ ಮುಗಸು." ಆ ಮಾತು ನನಗೆ ಹಿತವಾಯಿತು. ರೂಮಿಗೆ ಹೋಗಿ ಕೇಳಿದರೆ ರಾಯರೊಬ್ಬರಿಗೇ ಕೇಳಿಸುತ್ತದೆ. ನನಗೆ ಅವರು ನಾಲ್ಕು ಜನರ ಎದುರು ಬೆವರುವುದನ್ನು ನೋಡಬೇಕಿತ್ತು.

ನವೆಂಬರಿನ ಚಳಿ ಶುರುವಾಗಿತ್ತು. ನಾಟಕದ ಸಂಜೆ ಆರು ಗಂಟೆಗೇ ಮೈದಾನ ತುಂಬಿತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಅವರ ಹೆಂಡತಿ, ಪೊಲೀಸ್ ಕಚೇರಿಯಿಂದ ಬಂದ ಒಬ್ಬರು. ಪಕ್ಕದಲ್ಲಿ ಶೇಷಗಿರಿರಾಯರು, ತೊಡೆಯ ಮೇಲೆ ಮುದ್ರೆಯ ಪುಸ್ತಕ. ನಟರು ಆಡುವ ಮಾತಿಗೆ ಸರಿಯಾಗಿ ಪುಸ್ತಕದ ಮೇಲೆ ಬೆರಳು ಓಡಿಸುತ್ತಾ ಕೂರುವುದು ಅವರ ಡ್ಯೂಟಿ. ಮಧ್ಯಾಹ್ನವೇ ನಾನು ಲಕ್ಷ್ಮಮ್ಮನ ಕಿವಿಯಲ್ಲಿ ಹೇಳಿದ್ದೆ: "ನಾಳೆ ಬಾ ಅಂದ್ಮೇಲೆ ನಾನು ಸುಮ್ಮನೆ ನಿಂತ್ಕೋತೀನಿ ಲಕ್ಷ್ಮಕ್ಕ. ನನ್ನ ಬಾಯಿಗೆ ಬೀಗ ಹಾಕಿದ್ದಾರೆ. ನಿಮ್ಮ ಬಾಯಿಗೆ ಯಾರೂ ಹಾಕಿಲ್ಲ."

ಗುಮಾಸ್ತ "ನಾಳೆ ಬಾ" ಅಂದ. ನಾನು ಕ್ಯಾರಿಯರ್ ಹಿಡಿದು ನಿಂತೆ. ಗುಮಾಸ್ತನ ಪಾತ್ರದವನು ನಾನು ಮಾತು ಮರೆತೆ ಎಂದುಕೊಂಡು ಮತ್ತೆ "ನಾಳೆ ಬಾರಮ್ಮ" ಅಂದ. ನಾನು ಅವನನ್ನು ನೋಡಲಿಲ್ಲ. ರಾಯರನ್ನೇ ನೋಡುತ್ತಿದ್ದೆ. ಮೈದಾನದಲ್ಲಿ ಗುಸುಗುಸು ಎದ್ದಿತು. ಆಮೇಲೆ ಹೆಂಗಸರ ಕಡೆಯಿಂದ ಒಂದು ದನಿ. "ಸ್ವಾಮಿ, ನನ್ ಮಗ ಒಳಗವ್ನೋ ಹೊರಗವ್ನೋ ಅಷ್ಟು ಹೇಳಿ." ಅದರ ಹಿಂದೆ ಇನ್ನೊಂದು. ಆಮೇಲೆ ಇಪ್ಪತ್ತು, ಮೂವತ್ತು ಹೆಂಗಸರು, ಒಂದು ಮಾತೂ ತಪ್ಪದೆ, ನಾಲ್ಕು ಪುಟ. ನಾನು ತುಟಿ ಬಿಚ್ಚಲಿಲ್ಲ. ಯಾರನ್ನು ಹಿಡಿಯುತ್ತಾರೆ ಹಿಡಿಯಲಿ!

ರಾಯರು ಪುಟ ಮಗುಚುತ್ತಿದ್ದರು. ಹಿಂದೆ, ಮುಂದೆ, ಮತ್ತೆ ಹಿಂದೆ. ಕನ್ನಡಕ ಮೇಲೆತ್ತಿ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಹಣೆಯಲ್ಲಿ ನೀರಿಳಿಯುತ್ತಿತ್ತು. ಹುಡುಕು, ಹುಡುಕು, ನೀನೇ ಹೊಡೆದುಹಾಕಿದ್ದು ಈಗ ನಿನ್ನ ಕಿವಿಯಲ್ಲಿ ಕೂಗುತ್ತಿದೆ ನೋಡು ಎಂದು ನನ್ನ ಒಳಗೆ ತಮಟೆ ಬಡಿಯುತ್ತಿತ್ತು. ದೊಡ್ಡ ಸಾಹೇಬರು ಎದ್ದು ಹೋದರು. ನನ್ನ ಜೀವಮಾನದಲ್ಲಿ ಅಷ್ಟು ಸುಖಪಟ್ಟ ಇನ್ನೊಂದು ಗಳಿಗೆ ಇಲ್ಲ. ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನದಲ್ಲಿ ರಾಯರನ್ನು ಆ ಹುದ್ದೆಯಿಂದ ತೆಗೆದು ಸ್ಟೋರ್ಸಿಗೆ ಹಾಕಿದರು. ಆ ಸೀನನ್ನು ತಾವು ನೋಡಿಯೇ ಇಲ್ಲ ಎಂದು ಅವರು ಹೇಳಿದರಂತೆ, ಇಡೀ ಕ್ವಾರ್ಟರ್ಸಿಗೆ ಬಾಯಿಪಾಠ ಬರುವುದು ನಿಮಗೆ ಗೊತ್ತಿಲ್ಲವೇನ್ರೀ ಎಂದು ಮೇಲಿನವರು ನಕ್ಕರಂತೆ. ನಾನೂ ನಕ್ಕೆ. ಹೊಡೆದುಹಾಕಿದ್ದೂ ಅಲ್ಲದೆ ಸುಳ್ಳು ಬೇರೆ! ಅಷ್ಟಕ್ಕೇ ಬಿಡಲಿಲ್ಲ ನಾನು. ಮುಂದೆ ಯಾವ ನಾಟಕಕ್ಕೆ ಕರೆದರೂ ನಡುವೆ ಒಂದು ಹಾಸ್ಯದ ತುಣುಕು ಸೇರಿಸಿ ರಾಯರಾಗುತ್ತಿದ್ದೆ. ಕನ್ನಡಕ ಮೇಲೆತ್ತುವುದು, ಪುಸ್ತಕದಲ್ಲಿ ಬೆರಳು ಓಡಿಸುವುದು, ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು. ಜನ ಬಿದ್ದು ಬಿದ್ದು ನಗುತ್ತಿದ್ದರು. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ರಾಯರು ಊಟಕ್ಕೆ ಬಂದರೆ ಯಾರೋ ಹಿಂದಿನಿಂದ ನನ್ನ ಹಾಗೆ ಕೆಮ್ಮುತ್ತಿದ್ದರಂತೆ. ಅದನ್ನು ಕೇಳಿದ ದಿನ ನಾನು ಅವ್ವನಿಗೆ ಜಿಲೇಬಿ ತಂದುಕೊಟ್ಟೆ.

ಎಪ್ಪತ್ತೇಳರಲ್ಲಿ ತುರ್ತು ಪರಿಸ್ಥಿತಿ ಹೋಯಿತು. ಆಂಜಿನಪ್ಪ ದೊಡ್ಡವನಾದ. "ಕತ್ತರಿಗೆ ಬಗ್ಗದ ನಾಟಕಕಾರ" ಎಂದು ಅಲ್ಲಿ ಶಾಲು, ಇಲ್ಲಿ ಹಾರ. ಕೆಂಪಾಪುರದ ಜಮೀನು ಸೈಟುಗಳಾದ ಮೇಲೆ ಮೈಮೇಲಿನ ಎಣ್ಣೆ ವಾಸನೆಯೂ ಹೋಯಿತು. ನಾನು ಲಕ್ಷ್ಮಮ್ಮನ ಮಗಳ ಹತ್ತಿರ ಅಕ್ಷರ ಕಲಿಯಲು ಕೂತೆ. ಇನ್ನೊಮ್ಮೆ ನನ್ನ ಮಾತನ್ನು ಯಾರಾದರೂ ಹೊಡೆದುಹಾಕಿದರೆ ಎಲ್ಲಿ ಹೊಡೆದಿದ್ದಾರೆಂದು ನನ್ನ ಕಣ್ಣಲ್ಲೇ ನೋಡಬೇಕು ಅನ್ನುವ ಹಟ. ಕಲಿಯಲು ಮೂರು ವರ್ಷ ಬೇಕಾಯಿತು.

ಎಂಬತ್ತಮೂರರ ರಾಜ್ಯೋತ್ಸವಕ್ಕೆ ಸಂಘದವರು ಆಂಜಿನಪ್ಪನಿಗೆ ಸನ್ಮಾನ ಇಟ್ಟರು. ಆ ಸೀನನ್ನು ಪೂರ್ತಿ ನಾನು ಆಡಬೇಕೆಂದು ಕರೆದರು. ಸೀರೆ ಆರಿಸಿಕೊಳ್ಳಲು ಸಂಘದ ಬೀರು ತೆಗೆದೆ. ಹಳೆಯ ವಿಗ್ಗುಗಳ ಕೆಳಗೆ ಮುದ್ರೆಯ ಪುಸ್ತಕ ಸಿಕ್ಕಿತು. ನನ್ನ ಶತ್ರುವಿನ ಕೈಕೆಲಸ ನೋಡೋಣ ಎಂದು ಅಲ್ಲೇ ಕೂತು ಓದಿದೆ.

ಕೆಂಪು ಗೆರೆ ಇರಲಿಲ್ಲ. ಹರಿದ ಪುಟ ಇರಲಿಲ್ಲ. ನಲವತ್ತೊಂದು, ನಲವತ್ತೆರಡು, ನಲವತ್ತಮೂರು, ಪುಟದ ನಂಬರುಗಳು ಸಾಲಾಗಿ ಇದ್ದವು. ಆಂಜಿನಪ್ಪನ ದುಂಡು ಅಕ್ಷರದಲ್ಲಿ "ನಾಳೆ ಬಾ", ಅದರ ಕೆಳಗೆ "ಆಗಲಿ ಸ್ವಾಮಿ", ಅದರ ಕೆಳಗೆ ಮುಂದಿನ ಸೀನು. ನಾಲ್ಕು ಪುಟವನ್ನು ಯಾರೂ ಹೊಡೆದಿರಲಿಲ್ಲ. ಅವನು ಬರೆದೇ ಕೊಟ್ಟಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬೇರೆ ಅಕ್ಷರ, ಕೊನೆಯ ಪುಟದಲ್ಲಿ "ಆಕ್ಷೇಪಣೆ ಇಲ್ಲ" ಎಂದು ಸಹಿ ಮಾಡಿದ ಶೇಷಗಿರಿರಾಯರದೇ ಅಕ್ಷರ: "ಈ ತಾಯಿ ಇಷ್ಟಕ್ಕೇ ಹೋಗುವಳೇ? ಇವಳಿಗೆ ಇನ್ನೂ ನಾಲ್ಕು ಮಾತು ಬೇಕು."

ಆ ಎರಡು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಓದಲು ಕಲಿತದ್ದೇ ತಪ್ಪಾಯಿತು ಅನ್ನಿಸಿತು. ಈಗಲೂ ಎಲ್ಲೋ ಒಂದು ನಾಟಕ ನಿಂತಿತು, ಚಿತ್ರ ಕೆಳಗಿಳಿಸಿದರು ಎಂದು ಪೇಪರಿನಲ್ಲಿ ಬಂದರೆ ಎಲ್ಲರೂ ನಿಲ್ಲಿಸಿದವರು ಯಾರು ಎಂದು ಕೇಳುತ್ತಾರೆ. ನಾನು, ಅವರು ಕೇಳುವ ಮುಂಚೆಯೇ ತೆಗೆದುಕೊಟ್ಟವರು ಯಾರು ಎಂದು ಹುಡುಕುತ್ತೇನೆ.

ಸನ್ಮಾನದ ಸಂಜೆ ಆಂಜಿನಪ್ಪ ಶಾಲು ಹೊದ್ದು ಸ್ಟೇಜಿನ ಮೇಲೆ ಕೂತಿದ್ದ. ನಾನು ಕ್ಯಾರಿಯರ್ ತರಲಿಲ್ಲ, ಪುಸ್ತಕ ತಂದೆ. "ಸೀನು ಆಡುವ ಮುಂಚೆ, ಸರ್ಕಾರಕ್ಕೆ ಆಂಜಿನಪ್ಪನವರು ಕೊಟ್ಟ ಸೀನು ಓದುತ್ತೇನೆ" ಅಂದೆ. ಮೂರು ಮಾತು ಓದಿದೆ. ಪುಟದ ನಂಬರು ಓದಿದೆ. ಅಂಚಿನ ಪೆನ್ಸಿಲ್ ಅಕ್ಷರಕ್ಕೆ ಬರುವಷ್ಟರಲ್ಲಿ ಮೈಕು ಸತ್ತಿತು. ಸಂಘದ ಕಾರ್ಯದರ್ಶಿಯೇ ಓಡಿ ಹೋಗಿ ವೈರು ಕಿತ್ತಿದ್ದ. ಕಂಪನಿ ನಾಟಕದವರ ಮಗಳಿಗೆ ಮೈಕು ಯಾವನಿಗೆ ಬೇಕು! ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಓದಿ, ಯಾರ ಅಕ್ಷರ ಎಂದು ಹೆಸರು ಹೇಳಿ ಇಳಿದೆ.

ಸ್ಟೇಜಿನ ಹಿಂದೆ ಆಂಜಿನಪ್ಪ ಬಂದ. ಶಾಲು ಹೆಗಲಿಂದ ಜಾರುತ್ತಿತ್ತು.

"ಮಾನ ಕಳ್ದಲ್ಲವ್ವ."

"ಆ ಸೀನು ತೆಗೀರಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಏಳ್ಲಿಲ್ಲ. ಏಳ್ತಾರೆ ಅಂತ ಭಯ ಆಯ್ತು."

"ಹಾಗಂತ ನನಗೆ ಹೇಳ್ಬೇಕಿತ್ತು. ರಾಯರ ತಲೆಗೆ ಯಾಕೆ ಕಟ್ಟಿದ್ರಿ?"

"ನಾನೇ ತೆಗ್ದೆ ಅಂದಿದ್ರೆ ನೀನು ನನ್ನ ಬುಡ್ತಿದ್ದಾ ಸರೋಜಮ್ಮ?"

"ಬಿಡ್ತಿರಲಿಲ್ಲ. ಈಗಲೂ ಬಿಡೋದಿಲ್ಲ" ಅಂದೆ. ಬಿಡಲೂ ಇಲ್ಲ. ಅವನು ಸತ್ತಾಗ ನಾನು ಮುಖ ನೋಡಲು ಹೋಗಲಿಲ್ಲ.

ಆ ಸನ್ಮಾನ ಮುಗಿದ ಮೊದಲ ಭಾನುವಾರ ಆರ್.ಟಿ. ನಗರದಲ್ಲಿ ರಾಯರ ಮನೆ ಹುಡುಕಿಕೊಂಡು ಹೋದೆ. ಆಂಜಿನಪ್ಪನನ್ನು ಸ್ಟೇಜಿನ ಮೇಲೆ ಬೆತ್ತಲೆ ಮಾಡಿದ ಸುದ್ದಿ ಕೊಟ್ಟರೆ ಅವರು ಖುಷಿಪಡುತ್ತಾರೆ ಎಂದು ಒಳಗೊಳಗೇ ಹಿಗ್ಗು. ಬಾಗಿಲು ತೆಗೆದದ್ದು ಅವರ ಹೆಂಡತಿ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ನೀವು ನಾಟಕದ ಸರೋಜ ಅಲ್ವಾ? ನಮ್ಮನೆಯವರ ಥರ ಕೆಮ್ಮೋರು?"

ನಾನು ತಲೆ ತಗ್ಗಿಸಿದೆ.

"ಒಳಗೆ ಬನ್ನಿ. ಈಗ ಅವರು ಹೊರಗಿನವರ ಎದುರು ಗಂಟಲು ಸರಿಮಾಡ್ಕೊಳ್ಳೋದೇ ಇಲ್ಲ. ಮಾತೇ ಆಡಲ್ಲ ಅನ್ನಿ."

ರಾಯರು ಕಿಟಕಿಯ ಹತ್ತಿರ ಕೂತಿದ್ದರು. ಇನ್ನೂ ತೆಳ್ಳಗಾಗಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಪುಸ್ತಕ ಕೊಟ್ಟೆ. ಆ ಪುಟ ತೆಗೆದು, ಕನ್ನಡಕ ಮೇಲೆತ್ತಿ ನೋಡಿದರು.

"ನಂದೇ ಅಕ್ಷರ," ಅಂದರು. "ಅವತ್ತು ಆ ಹೆಂಗಸರು ಹೇಳಿದ್ದು ಬಹಳ ಚೆನ್ನಾಗಿತ್ತು. ಎಲ್ಲಿದೆ ಅಂತ ಪುಸ್ತಕದಲ್ಲಿ ಹುಡುಕ್ತಾನೇ ಇದ್ದೆ."

ನಾನು ತಪ್ಪಾಯಿತು ಅಂದೆ.

"ಸರೋಜಮ್ಮ, ನೀವು ಪ್ರಾಕ್ಟೀಸ್ ಮಾಡ್ತಿದ್ದ ಶೆಡ್ಡಿಗೂ ನನ್ನ ರೂಮಿಗೂ ಇನ್ನೂರು ಹೆಜ್ಜೆ ಇರಲಿಲ್ಲ. ಒಂದು ಸಲ ಬಂದು, ಯಾಕೆ ಹೊಡೆದುಹಾಕಿದ್ರಿ ಅಂತ ನನ್ನನ್ನ ಕೇಳಬಹುದಿತ್ತಲ್ಲ. ಯಾಕೆ ಕೇಳಲಿಲ್ಲ?"

ಆಂಜಿನಪ್ಪ ಕೈ ಮುಗಿದ, ಅವ್ವ ಬೇಡ ಅಂದಳು ಎಂದೆಲ್ಲ ಹೇಳಬಹುದಿತ್ತು. ಬಾಯಿಗೆ ಬಂದದ್ದು ನಿಜ.

"ಕೇಳಿದ್ರೆ ನೀವು ಇಲ್ಲ ಅಂತಿದ್ರಿ ರಾಯರೇ," ಅಂದೆ. "ಆಮೇಲೆ ನಾನು ಯಾರ ಮೇಲೆ ಸೇಡು ತೀರಿಸ್ಕೋಬೇಕಿತ್ತು?"

ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ವಾಪಸ್ ಕೊಟ್ಟರು.